ಅಡ್ಡ ಸರಳು

ಉದ್ಯಮಬಾಗಿನ ಓಣಿಯ ಕೊನೆಯ ಶೆಡ್ಡು.
ಮೂರನೇ ಮಶೀನಿನ ತಲೆಯ ಮೇಲೆ
ತಗಡಿನ ಹಾಪರು, ಆಲಿಕೆಯಂತೆ ಕೆಳಗೆ ಕಿರಿದು.
ಮೇಲಿಂದ ಸುರಿದರೆ ಕಿರುಬೆರಳುದ್ದದ ಪಿನ್ನುಗಳು
ತಮ್ಮ ಭಾರಕ್ಕೆ ತಾವೇ ಇಳಿದು
ಸಾಣೆಗೆ ಒಂದೊಂದಾಗಿ ಹೋಗಬೇಕು.
ಮೋಟಾರಿಲ್ಲ, ಕರೆಂಟಿಲ್ಲ, ಭೂಮಿ ಎಳೆಯುತ್ತದೆ,
ಭೂಮಿ ಬಿಲ್ಲು ಕಳಿಸುವುದಿಲ್ಲ
ಎಂದಿದ್ದರು ಪೋತದಾರ ಸಾಹೇಬರು, ತಂದ ದಿನ.

ಇಳಿಯುತ್ತವೆ. ಇಪ್ಪತ್ತು ನಿಮಿಷ.
ಆಮೇಲೆ ಬಾಯಿಯ ಹತ್ತಿರ ಎರಡು ಪಿನ್ನು
ನಾ ಮೊದಲು ನಾ ಮೊದಲು ಎಂದು
ಭುಜಕ್ಕೆ ಭುಜ ಕೊಟ್ಟು,
ಮೂರನೆಯದು ಅವುಗಳ ಹೆಗಲೇರಿ,
ಕಮಾನು.
ಸುಣ್ಣವಿಲ್ಲ, ಗಾರೆಯಿಲ್ಲ,
ಬರೀ ಒತ್ತಿಕೊಂಡು ನಿಂತದ್ದು.
ಮೇಲೆ ಹೇರಿದಷ್ಟೂ ಗಟ್ಟಿ.
ಕೆಳಗೆ ಸಾಣೆಕಲ್ಲು ಬರಿಗಾಳಿ ಉಜ್ಜುತ್ತದೆ.

ಅದಕ್ಕೇ ಸುಗಂಧಾ.
ಆಟೋಮ್ಯಾಟಿಕ್ ಬಂದ ಮೇಲೆ ಆಕೆಯ ಕೆಲಸ
ಸ್ಟೂಲಿನ ಮೇಲೆ ಕೂತು, ಸಪ್ಪಳ ನಿಂತಾಗ ಎದ್ದು,
ಸರಪಳಿಗೆ ತೂಗುಬಿಟ್ಟ ಸುತ್ತಿಗೆಯಿಂದ
ಹಾಪರಿನ ಪಕ್ಕೆಗೆ ಎರಡೇಟು.
ಪಾಳಿಗೆ ಇಪ್ಪತ್ನಾಲ್ಕು ಸಲ, ಮೊದಲ ತಿಂಗಳು.
ಆರನೇ ತಿಂಗಳಿಗೆ ನಲವತ್ತು.
"ಹೊಡದಷ್ಟೂ ಹಟಾ ಮಾಡತೈತಿ," ಅಂದಳು,
"ನಮ್ಮ ಸಣ್ಣವನಂಗ."

ಒಂದು ರವಿವಾರ ಹಾಪರು ಬರಿದು ಮಾಡಿ
ಬ್ಯಾಟರಿ ಹಿಡಿದು ತಲೆ ಒಳಗೆ ಹಾಕಿದೆ.
ಹೊರಗೆ ಸುತ್ತಿಗೆ ಬಿದ್ದಲ್ಲೆಲ್ಲ
ಒಳಗೆ ತಗಡು ಗಂಟು ಕಟ್ಟಿತ್ತು.
ಒಂದೊಂದು ಗಂಟೂ ಒಂದೊಂದು ಪಿನ್ನಿಗೆ
ಕಾಲೂರುವ ಜಾಗ.
ಒಂದು ಜಾಮು ಬಿಡಿಸುತ್ತ ನಾವು
ಮುಂದಿನದಕ್ಕೆ ಮೆಟ್ಟಿಲು ಕಟ್ಟಿಕೊಟ್ಟಿದ್ದೆವು.
ತಲೆ ಹೊರತೆಗೆದು ಎಷ್ಟೋ ಹೊತ್ತು ಸುಮ್ಮನಿದ್ದೆ.
ನನ್ನ ಮಗನ ಬೆನ್ನು ನೆನಪಾಯಿತು.
ಆ ಮಾತು ಇಲ್ಲಿ ಬೇಡ.

ತಗಡು ಬದಲಿಸಿದೆವು. ಒಂದು ಗೋಡೆ ನೆಟ್ಟಗೆ,
ಇನ್ನೊಂದು ಓರೆ. ಎರಡೂ ಕಡೆ ಸಮ ಇದ್ದರೆ
ಕಮಾನಿಗೆ ಸುಖ.
ಹದಿನೈದಕ್ಕೆ ಇಳಿಯಿತು. ಹದಿನೈದರಲ್ಲೇ ನಿಂತಿತು.
ಪುಣೆಯಿಂದ ಬಂದವನು ನಡುಗಿಸುವ ಮೋಟಾರು ಕೂರಿಸಿದ;
ಪಿನ್ನುಗಳು ನಡುಗಿ ನಡುಗಿ ಇನ್ನೂ ಬಿಗಿದವು,
ಚೀಲದ ಜೋಳ ಕುಲುಕಿ ಕುಲುಕಿ ಕೂರಿಸಿದ ಹಾಗೆ.

ಸುಗಂಧಾಳ ಹತ್ತಿರ ಸೀಮೆಸುಣ್ಣವಿತ್ತು.
ಜಾಮಾದಾಗೊಮ್ಮೆ ಗೋಡೆಗೆ ಗೀಟು:
ಹಾಪರು ತುಂಬಿದ್ದರೆ ಉದ್ದ, ಅರ್ಧವಿದ್ದರೆ ಗಿಡ್ಡ.
ಗೋಡೆ ತುಂಬ ಉದ್ದ ಗೀಟು.
"ಮ್ಯಾಲಿನ ವಜ್ಜಾ ಎಲ್ಲಾ ಬಾಯಿ ಮ್ಯಾಲೇ ಬೀಳತೈತ್ರಿ.
ಬಾಯಿಗಿಂತ ತುಸು ಮ್ಯಾಲ
ಒಂದು ಅಡ್ಡ ಸರಳ ಹಾಕ್ರಿ."

ನಕ್ಕೆವು. ದಾರಿ ಬಿಡಿಸಲು ದಾರಿಗೇ ಅಡ್ಡ?
ಆಕೆ ನಗಲಿಲ್ಲ.
"ಸಂಜೀಮುಂದ ಪೀರನವಾಡಿ ಬಸ್ ಹತ್ತಿಲ್ಲ ನೀವು.
ಬಾಗಲ ಮುಂದ ಒಬ್ಬಾಕಿ ದಪ್ಪ ಮುದುಕಿ
ಬುಟ್ಟಿ ಇಟಗೊಂಡ ನಿಂತಿದ್ದಳಂದ್ರ
ಆಕೀನ ಬೈಕೋತ ಮಂದಿ
ಆ ಕಡೆ ಒಬ್ಬ, ಈ ಕಡೆ ಒಬ್ಬ ಏರತಾರ.
ಆಕಿ ಇಲ್ಲಂದ್ರ ಎಲ್ಲಾರೂ ಬಾಗಲದಾಗ ಸಿಗಬೀಳತಾರ."

ಹದಿನಾರು ಎಂಎಂ ಸರಳು.
ನಟ್ಟನಡುವೆ ಅಲ್ಲ, ಒಂದು ಬೆರಳು ಎಡಕ್ಕೆ.
ದಸ್ತಗೀರ ನಂಬದೆ
ವೆಲ್ಡಿಂಗಿನ ಎರಡೇ ಚುಕ್ಕೆ ಇಟ್ಟ,
ನಾಳೆ ಕಿತ್ತೆಸೆಯಲು ಸುಲಭವಾಗಲೆಂದು.

ಆ ರಾತ್ರಿಪಾಳಿ ಸಪ್ಪಳ ನಿಲ್ಲಲಿಲ್ಲ.
ಇಪ್ಪತ್ತು ನಿಮಿಷಕ್ಕೆ ಸುಗಂಧಾಳ ಕೈ ತಾನೇ ಎದ್ದು
ಗಾಳಿಯಲ್ಲಿ ನಿಂತು
ಮಡಿಲಿಗೆ ಮರಳಿತು.
ನಲವತ್ತಕ್ಕೆ ಮತ್ತೆ ಎದ್ದಿತು.

ಸಾಹೇಬರು ಕುಂದಾ ತರಿಸಿದರು.
ಮರುವಾರ ಆಕೆಗೆ ನಾಲ್ಕನೇ ಮಶೀನೂ ಕೊಟ್ಟರು.
ಪಗಾರ ಅದೇ.

ಆ ಹಾಪರಿಗೂ ಸರಳು ಹಿಡಿದು ಹೋದೆ.
"ತಡೀರಿ," ಅಂದಳು,
"ಮೊದಲ ಸಾಹೇಬ್ರ ಜೋಡಿ ಒಂದ ಮಾತ ಐತಿ."
ಸುತ್ತಿಗೆ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತಳು.
ಮೇಲೆ ಪಿನ್ನುಗಳು
ಭುಜಕ್ಕೆ ಭುಜ ಕೊಟ್ಟು ನಿಂತವು.
ಸಾಣೆಕಲ್ಲು ಬರಿಗಾಳಿ ಉಜ್ಜುವ ಸದ್ದು
ಆಫೀಸಿನ ಕಿಟಕಿಯವರೆಗೂ ಹೋಯಿತು.